ಸಮಭಾವದ ವೇಷ ತೊಟ್ಟ ದ್ಯೂತ

ನಮ್ಮ ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ದ್ಯೂತವನ್ನು. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಚೌರ್ಯ, ಪರಸ್ತ್ರೀಗಮನಗಳು ಅದರ ಹಿಂದೆ ಸಾಲುಗಟ್ಟಿ ಬರುತ್ತವೆ. ಉಳಿದ ಆರನ್ನು ನಾವು ಮನೆಯ ಹೊಸ್ತಿಲಲ್ಲೇ ಗುರುತು ಹಿಡಿಯುತ್ತೇವೆ. ಮೊದಲನೆಯದನ್ನು ಮಾತ್ರ ಗುರುತಿಸಲಾರದವರಾಗಿದ್ದೇವೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಈರುಳ್ಳಿ ಬೆಳ್ಳುಳ್ಳಿಗಳನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳೊಳಕ್ಕೆ ದ್ಯೂತವು ಮೊಬೈಲಿನಲ್ಲಿ ಕುಳಿತು ನಿರಾತಂಕವಾಗಿ ಪ್ರವೇಶಿಸಿದೆ.

ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಪಣವೆಂದರೆ ಹಿಂದೆ ಮಟಕಾ, ಅನಂತರ ಕ್ರಿಕೆಟ್. ಫುಟ್ಬಾಲ್ ಆಡುವವರು ನಮ್ಮಲ್ಲಿ ವಿರಳ. ಆದರೂ ವಿಶ್ವಕಪ್ ಬಂತೆಂದರೆ, ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ದೇಶಗಳ ತಂಡಗಳ ಮೇಲೆ ನಮ್ಮ ತರುಣರು ಹಣ ಕಟ್ಟಲು ಅನುವಾಗುತ್ತಾರೆ. ಇದರಲ್ಲಿ ಒಂದು ವಿಶೇಷ ಬಗೆಯ ಪಣವಿದೆ. ಯಾರು ಗೆಲ್ಲುವರೆಂದು ಹೇಳಬೇಕಾಗಿಲ್ಲ. ಎರಡೂ ತಂಡಗಳು ಕನಿಷ್ಠ ಒಂದೊಂದು ಗೋಲು ಹೊಡೆಯುವವೋ ಇಲ್ಲವೋ ಎಂದು ಹೇಳಿದರೆ ಸಾಕು. ಸಾಮಾನ್ಯವಾಗಿ ತೊಂಬತ್ತು ನಿಮಿಷಗಳ ಆಟ ಮತ್ತು ಅದಕ್ಕೆ ಸೇರಿದ ವಿರಾಮಕಾಲದ ಗೋಲುಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

ಈ ಪಣದ ಪರವಾಗಿ ವಿದ್ಯಾವಂತ ತರುಣನೊಬ್ಬ ನನ್ನೆದುರು ಹೂಡಿದ ವಾದವನ್ನು ಓದುಗರ ಮುಂದಿಡುವುದು ಅಗತ್ಯ. ಏಕೆಂದರೆ ಅದು ನಮ್ಮದೇ ಪರಿಭಾಷೆಯಲ್ಲಿತ್ತು. “ಕಾಕಾ, ನಾನು ಯಾರ ಸೋಲನ್ನೂ ಬಯಸುವುದಿಲ್ಲ. ಎರಡೂ ತಂಡಗಳಿಗೆ ಗೋಲು ಸಿಗಲಿ ಎನ್ನುತ್ತೇನೆ. ಇಲ್ಲಿ ರಾಗವಿಲ್ಲ, ದ್ವೇಷವಿಲ್ಲ. ಇದು ಮಾಧ್ಯಸ್ಥ್ಯ ಭಾವವಲ್ಲವೇ?”

ಅಲ್ಲ. ಇದು ಮಾಧ್ಯಸ್ಥ್ಯದ ವೇಷ. ಮಧ್ಯಸ್ಥನಿಗೆ ಫಲದಲ್ಲಿ ಪಾಲಿರುವುದಿಲ್ಲ. ಇವನಿಗೆ ಫಲದಲ್ಲಲ್ಲದೆ ಬೇರೆಲ್ಲೂ ಆಸಕ್ತಿಯಿಲ್ಲ. ಒಂದು ತಂಡವು ಎರಡು ಗೋಲುಗಳಿಂದ ಮುಂದಿದೆ, ಆಟ ಎಂಬತ್ತನೆಯ ನಿಮಿಷದಲ್ಲಿದೆ ಎಂದಿಟ್ಟುಕೊಳ್ಳಿ. ಸೋಲುತ್ತಿರುವವರಿಗೂ ಒಂದು ಗೋಲು ಬರಲೆಂದು ಇವನು ಆಗ ಮೊರೆಯಿಡುವುದು ಕರುಣೆಯಿಂದಲ್ಲ. ಗೋಲು ಕಾಯುವ ಆಟಗಾರನ ಕಾಲು ಜಾರಲಿ, ಕೈ ತಪ್ಪಲಿ ಎಂಬುದೇ ಅವನ ಧ್ಯಾನ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಐದು ಬಗೆಯ ಅನರ್ಥದಂಡಗಳನ್ನು ಹೇಳುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ರಾಗದ್ವೇಷಗಳಿಗೆ ಒಳಗಾಗಿ ಪರರ ಕೇಡನ್ನು ಚಿಂತಿಸುವುದೇ ಅಪಧ್ಯಾನ. ಸಾಮಾನ್ಯ ಜೂಜುಗಾರನು ಒಂದು ತಂಡದ ಕೇಡನ್ನು ಚಿಂತಿಸಿದರೆ, ಇವನು ಎರಡೂ ತಂಡಗಳ ಕಾವಲುಗಾರರ ಕೇಡನ್ನು ಚಿಂತಿಸುತ್ತಾನೆ. ಇದನ್ನು ಸಮಭಾವವೆನ್ನುವುದಾದರೆ, ಎರಡು ಅಂಗಡಿಗಳಿಗೂ ಕನ್ನ ಹಾಕಿದ ಕಳ್ಳನನ್ನು ನಿಷ್ಪಕ್ಷಪಾತಿ ಎನ್ನಬೇಕಾದೀತು.

ಆಟವನ್ನು ನೋಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. 2022ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ಮೂರು ಮೂರು ಗೋಲುಗಳಿಂದ ಸಮನಾಗಿ ನಿಂತಾಗ ಎರಡೂ ತಂಡಗಳ ಕೌಶಲಕ್ಕೆ ತಲೆದೂಗಿದವನ ಮನಸ್ಸಿನಲ್ಲಿ ಪ್ರಮೋದ ಭಾವವಿತ್ತು. ತತ್ತ್ವಾರ್ಥಸೂತ್ರವು ಮೈತ್ರಿ, ಕಾರುಣ್ಯ, ಮಾಧ್ಯಸ್ಥ್ಯಗಳ ಜೊತೆಗೆ ಹೇಳಿರುವ ಭಾವನೆಯೇ ಅದು: ಪರರ ಗುಣವನ್ನು ಕಂಡು ಹಿಗ್ಗುವುದು. ಹಣ ಕಟ್ಟಿದ ಕ್ಷಣವೇ ಆ ಹಿಗ್ಗು ಸಾಯುತ್ತದೆ. ಎದುರಿನ ಆಟ ಮರೆಯಾಗಿ ಕೈಯಲ್ಲಿರುವ ಲೆಕ್ಕವೊಂದೇ ಉಳಿಯುತ್ತದೆ.

ಆ ಲೆಕ್ಕವನ್ನಾದರೂ ನೋಡೋಣ, ನಾವು ವ್ಯಾಪಾರಿಗಳು. ಬುಕ್ಕಿಯು ‘ಹೌದು’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ನೂರಕ್ಕೆ ನೂರ ತೊಂಬತ್ತು ರೂಪಾಯಿ ಕೊಡುತ್ತೇನೆನ್ನುತ್ತಾನೆ ಎಂದುಕೊಳ್ಳಿ. ಇಬ್ಬರು ಎದುರು ಬದುರಾಗಿ ನೂರು ನೂರು ಕಟ್ಟಿದರೆ ಅವನ ಕೈಗೆ ಬರುವುದು 200, ಅವನು ಕೊಡುವುದು 190. ಗೋಲು ಬೀಳಲಿ ಬಿಡಲಿ, ಹತ್ತು ರೂಪಾಯಿ ಅವನದೇ. ಎರಡು ಪಕ್ಷಗಳನ್ನೂ ನಿಜವಾಗಿ ಸಮನಾಗಿ ಕಾಣುವವನು ಅವನೊಬ್ಬನೇ! ಇನ್ನು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಪಣವನ್ನು ದುಪ್ಪಟ್ಟು ಮಾಡುತ್ತ ಹೋಗುವವನ ಗತಿಯೇನು? ನೂರರಿಂದ ಆರಂಭಿಸಿ ಏಳು ಸಲ ಸತತ ಸೋತವನು 12,700 ರೂಪಾಯಿ ಕಳೆದುಕೊಂಡಿರುತ್ತಾನೆ. ಎಂಟನೆಯ ಪಣಕ್ಕೆ ಅವನಿಗೆ 12,800 ಬೇಕು. ಅದು ಎಲ್ಲಿಂದ ಬರಬೇಕು? ಅಂಗಡಿಯ ಗಲ್ಲೆಯಿಂದ, ತಂಗಿಯ ಮದುವೆಗೆಂದು ಕೂಡಿಟ್ಟ ಹಣದಿಂದ, ಇಲ್ಲವೇ ಕೈಗಡದಿಂದ. ‘ತಿಳಿವಳಿಕೆಯಿಂದ ಆಡುತ್ತೇವೆ’ ಎಂಬ ಸಮಾಧಾನವೂ ನಿಲ್ಲದು. 1998ರಿಂದ 2022ರವರೆಗಿನ ಏಳು ವಿಶ್ವಕಪ್ ಅಂತಿಮ ಪಂದ್ಯಗಳಲ್ಲಿ ಎರಡೂ ತಂಡಗಳು ಗೋಲು ಹೊಡೆದದ್ದು ಮೂರರಲ್ಲಿ, ಹೊಡೆಯದಿದ್ದದ್ದು ನಾಲ್ಕರಲ್ಲಿ. ಇದರಲ್ಲಿ ಯಾವ ವಿದ್ಯೆಯಿದೆ?

ಈ ರೋಗ ಪರದೇಶದಿಂದ ಬಂದದ್ದೆಂದು ಕೈ ತೊಳೆದುಕೊಳ್ಳುವ ಹಕ್ಕು ಹತ್ತಿಯ ಊರಾದ ರಾಯಚೂರಿಗಿಲ್ಲ. ಮಟಕಾದ ಮೂಲವೇ ಹತ್ತಿ. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯಿಂದ ಮುಂಬಯಿಗೆ ತಂತಿಯ ಮೂಲಕ ಬರುತ್ತಿದ್ದ ಆರಂಭ ಮತ್ತು ಮುಕ್ತಾಯದ ದರಗಳ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ನಿಂತಾಗ ಪಣ ನಿಲ್ಲಲಿಲ್ಲ. ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಅಂಕಿ ಎತ್ತುವ ಪದ್ಧತಿ ಬಂತು. ಕಲ್ಯಾಣಜಿ ಭಗತ್ 1962ರಲ್ಲಿಯೂ ರತನ್ ಖತ್ರಿ 1964ರಲ್ಲಿಯೂ ಆರಂಭಿಸಿದ ಮಟಕಾಗಳು ದೇಶವನ್ನೆಲ್ಲ ವ್ಯಾಪಿಸಿದವು. ಹತ್ತಿ ಹೋಯಿತು, ಅಂಕಿ ಉಳಿಯಿತು. ಇಂದು ಅಂಕಿಯ ಸ್ಥಾನದಲ್ಲಿ ಗೋಲು ಬಂದಿದೆ, ಅಷ್ಟೆ.

‘ಹಾಗಾದರೆ ವ್ಯಾಪಾರವೂ ಜೂಜಲ್ಲವೇ? ಹತ್ತಿಯ ದರ ಏರುವುದೋ ಇಳಿಯುವುದೋ ಯಾರು ಬಲ್ಲರು?’ ಎಂದು ಕೇಳುವವರಿದ್ದಾರೆ. ಹತ್ತಿ ಕೊಂಡವನು ಹತ್ತಿಯನ್ನು ಕಾಯುತ್ತಾನೆ, ಸಾಗಿಸುತ್ತಾನೆ, ಅದರಿಂದ ನೂಲಾಗುತ್ತದೆ, ಬಟ್ಟೆಯಾಗುತ್ತದೆ. ರೈತನಿಗೆ ಹಣ ಸಿಗುತ್ತದೆ, ಹಮಾಲನಿಗೆ ಕೂಲಿ ಸಿಗುತ್ತದೆ. ಅನಿಶ್ಚಯವು ವ್ಯಾಪಾರದಲ್ಲಿ ಹೊರಲೇಬೇಕಾದ ಹೊರೆ; ಜೂಜಿನಲ್ಲಿ ಅನಿಶ್ಚಯವೇ ಸರಕು. ಜೂಜುಗಾರನು ಗೆದ್ದ ಪ್ರತಿಯೊಂದು ರೂಪಾಯಿಯೂ ಮತ್ತೊಬ್ಬನು ಕಳೆದುಕೊಂಡ ರೂಪಾಯಿ. ಆ ಮತ್ತೊಬ್ಬನು ನಾರಾಯಣಪುರ ಬಲದಂಡೆ ಕಾಲುವೆಯ ನೀರನ್ನು ನಂಬಿದ ದೇವದುರ್ಗದ ರೈತನ ಮಗನಿರಬಹುದು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಮಾನ್ವಿಯವನಿರಬಹುದು. ಅವನು ಕಟ್ಟಿದ ಪಣ ಬೀಜ ಗೊಬ್ಬರದ ಹಣವಲ್ಲವೆಂದು ನಮಗೆ ಹೇಗೆ ಗೊತ್ತು?

1994ರ ಜೂನ್ 22ರಂದು ವಿಶ್ವಕಪ್ಪಿನಲ್ಲಿ ಅಮೆರಿಕವು ಕೊಲಂಬಿಯಾವನ್ನು ಎರಡು ಒಂದು ಗೋಲುಗಳಿಂದ ಸೋಲಿಸಿತು. ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಎಂಬ ಆಟಗಾರನ ಕಾಲಿಗೆ ತಗುಲಿದ ಚೆಂಡು ಅವನದೇ ಗೋಲಿನೊಳಕ್ಕೆ ಹೋಗಿತ್ತು. ಹತ್ತು ದಿನಗಳ ಬಳಿಕ, ಜುಲೈ 2ರಂದು, ಅವನನ್ನು ಮೆಡೆಲಿನ್ ನಗರದಲ್ಲಿ ಗುಂಡಿಟ್ಟು ಕೊಂದರು. ಪಣದಲ್ಲಿ ಹಣ ಕಳೆದುಕೊಂಡವರ ಕೈವಾಡವಿತ್ತೆಂಬ ಶಂಕೆ ಸಾಬೀತಾಗಲಿಲ್ಲ, ಅಳಿಯಲೂ ಇಲ್ಲ. ನಮ್ಮ ತರುಣನ ಪಟ್ಟಿಯಲ್ಲಿ ಆ ಪಂದ್ಯ ಎಲ್ಲಿ ಸೇರುತ್ತದೆ ಬಲ್ಲಿರಾ? ‘ಎರಡೂ ತಂಡಗಳು ಗೋಲು ಹೊಡೆದವು, ಪಣ ಗೆದ್ದಿತು’ ಎಂಬಲ್ಲಿ. ಅವನ ಸಮಭಾವಕ್ಕೆ ಎಸ್ಕೋಬಾರ್‌ನ ದುರದೃಷ್ಟವೂ ಒಂದು ಲಾಭವೇ.

ಕಾನೂನು ನೋಡಿಕೊಳ್ಳಲಿ ಎಂದು ಕೆಲವರು ಹೇಳುತ್ತಾರೆ. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದುಪಡಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದು ಆಟ ನಡೆಸುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿಯವರೆಗಿನ ದಂಡವನ್ನೂ ಹೇಳುತ್ತದೆ, ಆಡಿದವನನ್ನು ಶಿಕ್ಷಿಸುವುದಿಲ್ಲ. ಅವನನ್ನು ತಿದ್ದುವ ಹೊಣೆ ಮನೆಯದು, ಸಮಾಜದ್ದು. ‘ನಮ್ಮ ಹುಡುಗ ಒಳ್ಳೆಯವನು’ ಎಂದು ತಾಯಿತಂದೆಗಳು ನೆಚ್ಚಿ ಕೂರಬಾರದು. ದ್ಯೂತವ್ಯಸನಕ್ಕೆ ನಮ್ಮ ಆಚಾರ್ಯರು ಕೊಟ್ಟ ದೃಷ್ಟಾಂತ ಯಾವನೋ ದುಷ್ಟನದಲ್ಲ, ಧರ್ಮರಾಯನದು.

ಕೊನೆಗೆ ಹಿರಿಯರಿಗೂ ಮಂದಿರದ ಟ್ರಸ್ಟುಗಳಿಗೂ ಕಹಿಯಾದ ಮಾತೊಂದನ್ನು ಹೇಳಲೇಬೇಕು. ದೀಪಾವಳಿ ಮಹಾವೀರ ಸ್ವಾಮಿಯ ನಿರ್ವಾಣದ ಪರ್ವ. ಆ ರಾತ್ರಿ ‘ಶಕುನಕ್ಕಾಗಿ’ ಎಂದು ಇಸ್ಪೀಟು ಹಾಸುವ ಮನೆಗಳು ನಮ್ಮಲ್ಲಿಲ್ಲವೇ? ತಂದೆಯ ಕೈಯಲ್ಲಿ ಎಲೆ ಕಂಡ ಮಗ ತನ್ನ ಕೈಯಲ್ಲಿ ಮೊಬೈಲ್ ಹಿಡಿದರೆ ತಪ್ಪು ಯಾರದು? ಅಭಿಷೇಕದ ಸವಾಲು ಕೂಗುವಾಗ ಮೊತ್ತ ಎಷ್ಟೆಂದು ಕೇಳುವ ನಾವು, ಅದು ಎಲ್ಲಿಂದ ಬಂತೆಂದು ಕೇಳಿದ್ದೇವೆಯೇ?

ಆದುದರಿಂದ ಮೂರು ಕಾರ್ಯಗಳು ಆಗಬೇಕು. ಜೂಜಿನ ಹಣವೆಂದು ತಿಳಿದದ್ದನ್ನು, ಎಷ್ಟೇ ದೊಡ್ಡದಿರಲಿ, ಸ್ವೀಕರಿಸಲಾಗದೆಂದು ಟ್ರಸ್ಟುಗಳು ಠರಾವು ಮಾಡಬೇಕು. ಪರ್ಯುಷಣ, ದಶಲಕ್ಷಣ ಪರ್ವಗಳಲ್ಲಿ ದ್ಯೂತತ್ಯಾಗದ ನಿಯಮವನ್ನು ಹಿರಿಯರು ಮೊದಲು, ಕಿರಿಯರು ಅನಂತರ, ಸಭೆಯಲ್ಲಿ ಎದ್ದುನಿಂತು ಸ್ವೀಕರಿಸಬೇಕು. ಸಾಲದಲ್ಲಿ ಮುಳುಗಿದ ತರುಣನು ಅವಮಾನದ ಭಯವಿಲ್ಲದೆ ಹೇಳಿಕೊಳ್ಳಲು ಪ್ರತಿಯೊಂದು ಸಂಘದಲ್ಲಿಯೂ ಇಬ್ಬರು ನಂಬಿಕಸ್ಥರಿರಬೇಕು. ಬೈಗುಳಕ್ಕೆ ಹೆದರಿ ಮೌನವಾದವನೇ ಎಂಟನೆಯ ಪಣ ಕಟ್ಟುವವನು.

1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳವು ಪ್ರಾಚೀನ ಕೊಪಣತೀರ್ಥ. ಅಲ್ಲಿ ನಮ್ಮ ಪೂರ್ವಿಕರು ಸಲ್ಲೇಖನ ವ್ರತದಿಂದ ದೇಹದ ಮೋಹವನ್ನೇ ತೊರೆದರು. ಅವರ ವಂಶದವರೆಂದು ಹೇಳಿಕೊಳ್ಳುವ ನಾವು ತೊಂಬತ್ತು ನಿಮಿಷಗಳ ಲೋಭವೊಂದನ್ನು ತೊರೆಯಲಾರೆವೇ?