ಮನದ ಕಿರ್ದಿ

ಕಲಬುರಗಿಯ ಹಳೆಯ ಅಡತಿ ಅಂಗಡಿಗಳಲ್ಲಿ ಒಂದು ಶಿಸ್ತಿತ್ತು. ತೊಗರಿಯ ವ್ಯಾಪಾರ ಎಷ್ಟೇ ಬಿರುಸಾಗಿದ್ದರೂ ದೀಪ ಹಚ್ಚಿದ ಬಳಿಕ ಅಂದಿನ ಕಿರ್ದಿ ಬರೆದು, ಶಿಲ್ಕು ತಾಳೆ ನೋಡಿಯೇ ಬೀಗ ಹಾಕುತ್ತಿದ್ದರು. ನಾಳೆಗೆಂದು ಬಿಟ್ಟ ಲೆಕ್ಕ ನಾಡಿದ್ದಿಗೆ ಮರೆತ ಲೆಕ್ಕವಾಗುತ್ತದೆಂಬುದು ಅವರ ಅನುಭವ. ಹಣದಲ್ಲಿ ಇಷ್ಟು ಎಚ್ಚರವುಳ್ಳ ನಾವು, ಕಳೆದ ವಾರವನ್ನು ಹೇಗೆ ಕಳೆದಿರೆಂದು ಯಾರಾದರೂ ಕೇಳಿದರೆ ಮೌನವಾಗುತ್ತೇವೆ. ದಿನಚರಿಯೆಂಬುದು ಬೇರೇನಲ್ಲ, ಅದು ಮನದ ಕಿರ್ದಿ.

ಶರಣರ ಮನೆಗಳಿಗೆ ಈ ಎಚ್ಚರ ಹೊಸದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಆ ತಾಯಿ ಲೇಖನಿ ಹಿಡಿದು ದಿನಚರಿ ಬರೆದಳೆಂದು ನಾವು ಹೇಳುತ್ತಿಲ್ಲ. ಆದರೆ ಅಂದಿನದನ್ನು ಅಂದೇ ಪರಿಶೀಲಿಸಿ, ಕುಂದನ್ನು ನಾಳೆಗೆ ಉಳಿಸದ ಆ ಜಾಗೃತಿಯೇ ದಿನಚರಿಯ ಜೀವಾಳ. ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಮಹಾದೇವ ದೇಸಾಯಿಯವರದು. ೧೯೧೭ರಲ್ಲಿ ಗಾಂಧೀಜಿಯವರ ಜೊತೆಗೂಡಿದ ಅವರು, ೧೯೪೨ರ ಆಗಸ್ಟ್ ೧೫ರಂದು ಸೆರೆಯಲ್ಲಿಯೇ ದೇಹವಿಡುವವರೆಗಿನ ಆ ಕಾಲು ಶತಮಾನದಲ್ಲಿ ದಿನಚರಿ ಬರೆಯುತ್ತ ಬಂದರು. ಅವರಿಗಿಂತ ಬಿಡುವಿಲ್ಲದವರು ನಮ್ಮಲ್ಲಿ ಯಾರಿದ್ದಾರೆ?

ಏನು ಬರೆಯಬೇಕೆಂದು ಅನೇಕರು ಕೇಳುವರು. ಕಮಲಾಪುರದ ಕೆಂಪು ಬಾಳೆಯ ಒಕ್ಕಲಿಗನನ್ನು ನೆನೆಯಿರಿ. ಈ ಬಾಳೆ ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ಕಾಯಿಸುತ್ತದೆ. ಕಂದು ನೆಟ್ಟ ದಿನ, ಗೊಬ್ಬರ ಕೊಟ್ಟ ದಿನ, ಮಳೆ ಬಿದ್ದ ದಿನ ಇವನ್ನು ಗುರುತು ಹಾಕಿಕೊಂಡವನಿಗೆ ಗೊನೆ ಬಂದಾಗ ಏಕೆ ಬಂತು, ಕುಗ್ಗಿದಾಗ ಏಕೆ ಕುಗ್ಗಿತು ಎಂಬುದು ತಿಳಿಯುತ್ತದೆ. ಮನಸ್ಸಿನ ಬೆಳೆಯೂ ನಿಧಾನವೇ. ಆದ್ದರಿಂದ ರಾತ್ರಿ ಮಲಗುವ ಮುನ್ನ, ಮೊಬೈಲನ್ನು ದೂರವಿರಿಸಿ, ನಾಲ್ಕು ಸಾಲು ಸಾಕು: ಇಂದು ಮಾಡಿದ ಕಾಯಕ, ಮನಸ್ಸು ತಣಿಸಿದ ಒಂದು ಸಂಗತಿ, ಯಾರಿಗಾದರೂ ಆಡಿದ ಬಿರುನುಡಿ, ನಾಳೆ ಮಾಡಬೇಕಾದ ಒಂದು ಕೆಲಸ. ಒಂದು ದಿನ ತಪ್ಪಿದರೆ ಕೊರಗದೆ ಮರುದಿನ ಮುಂದುವರಿಸಬೇಕು.

ಇದರಿಂದ ಫಲವಿದೆಯೇ? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರು ೧೯೮೬ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ೧೫ ನಿಮಿಷ ಬರೆದರು. ಮನಸ್ಸಿನ ಗಾಯವನ್ನೂ ಅದರ ಭಾವವನ್ನೂ ಕೂಡಿಸಿ ಬರೆದವರು ಬರೆದೊಡನೆ ಕೊಂಚ ಕುಗ್ಗಿದರಾದರೂ, ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಕಡಿಮೆ. ಹಾಗೆಂದು ದಿನಚರಿ ಔಷಧವಲ್ಲ. ಬಹುಕಾಲ ಕಾಡುವ ದುಗುಡಕ್ಕೆ ವೈದ್ಯರನ್ನು ಕಾಣಲೇಬೇಕು.

ಇನ್ನೊಂದು ಮಾತನ್ನು ಹೇಳದೆ ಈ ಲೇಖನ ಮುಗಿಯದು. ಕಮಲಾಪುರದ ತಾಯಿಯೊಬ್ಬರು ಹೆಸರು ಹೇಳದೆ ಬರೆಯಿರೆಂದು ಕೇಳಿಕೊಂಡು ನಮಗೆ ತಿಳಿಸಿದ ಸಂಗತಿಯಿದು. ಕಲಬುರಗಿಯಲ್ಲಿ ಓದುವ ಅವರ ಮಗಳು, ಈಗಲೇ ಮದುವೆ ಬೇಡ, ಇನ್ನೂ ಓದಬೇಕು ಎಂದು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು. ರಜೆಗೆ ಬಂದಾಗ ಅಣ್ಣನು ಅದನ್ನು ತೆರೆದು ಎಲ್ಲರೆದುರು ಓದಿಬಿಟ್ಟನು. ಹುಡುಗಿ ಆ ಪುಸ್ತಕವನ್ನು ಒಲೆಗೆ ಹಾಕಿದಳು. ಅಂದಿನಿಂದ ಮನೆಯವರೊಡನೆ ಮಾತೂ ಕಡಿಮೆಯಾಯಿತು. "ಏನ್ ಮಾಡಬೇಕ್ರಿ ಬುದ್ಧಿ?" ಎಂದು ಆ ತಾಯಿ ಕೇಳಿದರು.

ಅಣ್ಣನು ತಂಗಿಯ ಮುಂದೆ ತಪ್ಪೊಪ್ಪಿಕೊಳ್ಳಲಿ ಎಂದೆವು. ಎಲ್ಲರೆದುರು ಓದಿದ್ದರಿಂದ ಎಲ್ಲರೆದುರೇ ಒಪ್ಪಿಕೊಳ್ಳಲಿ. ಓದಿದ್ದನ್ನು ಯಾರೂ ಆಕೆಯ ಮೇಲೆ ಆಯುಧವಾಗಿ ಬಳಸಬಾರದು. ತಾಯಿಯು ಒಬ್ಬಳೇ ಕುಳಿತು, "ನಿನಗ ಏನ್ ಬೇಕವ್ವಾ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಕಾಗದಕ್ಕೆ ಹೇಳಿದ್ದನ್ನು ಆ ಮಗು ಮನೆಗೆ ಹೇಳಲಾಗಲಿಲ್ಲವೆಂದರೆ, ಪರಿಶೀಲಿಸಬೇಕಾದುದು ಆಕೆಯ ಪುಸ್ತಕವನ್ನಲ್ಲ, ನಮ್ಮ ಮನೆಯನ್ನು.

ಮನೆಯಲ್ಲಿ ಮಕ್ಕಳಿಗೆ ದಿನಚರಿಯ ಅಭ್ಯಾಸ ಮಾಡಿಸುವ ಹಿರಿಯರು ಮೊದಲು ತಮ್ಮ ಪುಸ್ತಕವನ್ನು ಆರಂಭಿಸಲಿ. ಕೇಳದೆ ಮಕ್ಕಳದನ್ನು ತೆರೆಯುವುದಿಲ್ಲವೆಂಬ ಮಾತನ್ನು ಅದರ ಮೊದಲ ಪುಟದಲ್ಲಿಯೇ ಬರೆದಿರಿಸಲಿ.