ಸುಣ್ಣದ ಗೋಡೆ, ಫರಸಿ ನೆಲ, ಆಸಿಡ್ ಬಾಟಲಿ

ಮಹಾನವಮಿ ಹತ್ತಿರ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಕೌದಿ ಒಗೆಯುವುದು, ಜೇಡರ ಬಲೆ ತೆಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಫರಸಿ ತಿಕ್ಕುವುದು ಎಲ್ಲವೂ ಆಗಲೇ. ಶಾಲೆಗೆ ರಜೆ ಇರುವುದರಿಂದ ಮಕ್ಕಳ ಕೈಗೂ ಒಂದು ಕೆಲಸ ಬಂದೇ ಬರುತ್ತದೆ. ಪುಸ್ತಕದಲ್ಲಿ ಓದಿದ ಆಮ್ಲ, ಪ್ರತ್ಯಾಮ್ಲಗಳು ಆ ನಾಲ್ಕು ದಿನ ಪಡಸಾಲೆಗೇ ಬಂದಿರುತ್ತವೆ.

ಮೊದಲು ಧೂಳಿನ ಮಾತು. ನಮ್ಮದು ಎರೆ ಭೂಮಿ. ಆ ಮಣ್ಣಿನ ಜೇಡಿ ಕಣಗಳು 0.002 ಮಿಲಿಮೀಟರಿಗಿಂತಲೂ ಸಣ್ಣವು. ಒಣ ಕಸಬರಿಗೆಯಿಂದ ಜೋರಾಗಿ ಗುಡಿಸಿದರೆ ಅವು ಗಾಳಿಯಲ್ಲಿ ತೇಲಿ, ತಾಸುಗಳ ನಂತರ ಮತ್ತೆ ಅಲ್ಲಿಯೇ ಇಳಿಯುತ್ತವೆ. ಆದ್ದರಿಂದ ಮೇಲಿನಿಂದ ಕೆಳಗೆ ಬನ್ನಿ. ಮೊದಲು ಜಂತಿ, ಫ್ಯಾನು, ಬಳಿಕ ಗೋಡೆ, ಕೊನೆಗೆ ನೆಲ. ಒದ್ದೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ದಮ್ಮಿನ ತೊಂದರೆ ಇದ್ದವರನ್ನು ಆ ಹೊತ್ತು ಹೊರಗೆ ಕೂರಿಸಿ.

ಇನ್ನು ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿ ಪುನಃ ಕಲ್ಲಾಗುತ್ತದೆ. ಸುಣ್ಣ ಬಳಿದ ಗೋಡೆ ದಿನ ಕಳೆದಂತೆ ಬೆಳ್ಳಗಾಗಲು ಕಾರಣ ಇದೇ. ಆದರೆ ಹಸಿ ಸುಣ್ಣ ತೀಕ್ಷ್ಣ ಪ್ರತ್ಯಾಮ್ಲ; ಒಂದು ಹನಿ ಸಾಕು, ಕಣ್ಣಿನ ಪಾಪೆ ಸುಡುತ್ತದೆ. ಸಿಡಿದರೆ ಕಣ್ಣು ಉಜ್ಜಬಾರದು. ಕನಿಷ್ಠ 20 ನಿಮಿಷ ಶುದ್ಧ ನೀರು ಸುರಿಯುತ್ತ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ಅನೇಕ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಕಲೆ ತೆಗೆಯಲೆಂದು ಅದರ ಮೇಲೆ ಆಸಿಡ್ ಸುರಿದರೆ ಬುರುಗು ಏಳುತ್ತದೆ. ಅದು ಕೊಳೆಯಷ್ಟೇ ಅಲ್ಲ, ಕಲ್ಲೂ ಕರಗುತ್ತಿರುವ ಗುರುತು. ಒಡೆದ ಫರಸಿ ಚೂರನ್ನು ಮೊಳೆಯಿಂದ ಕೆರೆದು, ಆ ಪುಡಿಗೆ ನಿಂಬೆರಸ ಹನಿಸಿ ನೋಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಇಂಥ ನೆಲಕ್ಕೆ ಸಾಬೂನಿನ ನೀರು, ಬ್ರಷ್ಷು ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹೆಚ್ಚು ಸ್ವಚ್ಛವಾಗಲೆಂದು ಕೆಲವರು ಬ್ಲೀಚಿಂಗ್ ಪೌಡರಿನ ಜೊತೆಗೆ ಬಚ್ಚಲಿನ ಆಸಿಡ್ ಸೇರಿಸುತ್ತಾರೆ. ಎರಡೂ ಕೂಡಿದರೆ ಹುಟ್ಟುವುದು ಕ್ಲೋರಿನ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಯುದ್ಧದಲ್ಲಿ ಬಿಟ್ಟದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕುಕ್ಕರುಗಾಲಲ್ಲಿ ಕೂತು ನೆಲ ತಿಕ್ಕುವ ತಾಯಿ, ಪಕ್ಕದಲ್ಲಿ ಆಡುವ ಕೂಸು, ಇಬ್ಬರ ಮೂಗಿಗೂ ಅದು ಮೊದಲು ತಾಗುತ್ತದೆ. ಘಾಟು ಬಂದರೆ ಎಲ್ಲ ಬಿಟ್ಟು ಬಯಲಿಗೆ ಬನ್ನಿ. ಕೆಮ್ಮು, ಉಬ್ಬಸ ಕಂಡರೆ ಆಸ್ಪತ್ರೆಗೆ ಹೋಗಿ.

ಪಾಲಕರು ಇಂಥ ದ್ರವಗಳನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಿಡಬಾರದು. ವಿದ್ಯಾರ್ಥಿಗಳೇ, ಅನೇಕ ಡಬ್ಬಿಗಳ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಅವ್ವನಿಗೆ ಅದನ್ನು ಓದಿ, ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ಈ ಹಬ್ಬಕ್ಕೆ ನಿಮ್ಮದಾಗಲಿ.