ನಿಂತ ಕಾರು, ಓಡುವ ವಾರಂಟಿ

ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ, ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಕಾರನ್ನು ತೋರಿಸಿ ಯಾರದೆಂದು ಕೇಳಿದರೆ, "ಮಿಲ್ಟ್ರಿಯವರ ಗಾಡಿರಿ, ಸೂಟಿಗೆ ಬಂದಾಗ ತಗೀತಾರ" ಎಂಬ ಉತ್ತರ ಬರುವುದುಂಟು. ಸೂಟಿ ಎಂದರೆ ಎಷ್ಟು ದಿನ? ಸೇನೆಯ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಎಲ್ಲವೂ ಕೈಗೆ ಸಿಕ್ಕಿತೆಂದೇ ಹಿಡಿದು, ಊರಲ್ಲಿದ್ದಷ್ಟು ದಿನ ಆತ ದಿನಕ್ಕೆ 30 ಕಿ.ಮೀ. ಕಾರು ಓಡಿಸಿದನೆಂದುಕೊಂಡರೂ ವರ್ಷಕ್ಕೆ 2,700 ಕಿ.ಮೀ. ಆಗುತ್ತದೆ. ಮೂರು ವರ್ಷಕ್ಕೆ 8,100.

ಕಂಪನಿ ಕೊಟ್ಟ ವಾರಂಟಿ ಪುಸ್ತಿಕೆಯಲ್ಲಿರುವ ಅಂಕಿ ಬೇರೆ. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಒಳ್ಳೆಯ ನಿರ್ಧಾರವೇ. ಆದರೆ ಅದರ ಬೆನ್ನಿಗೇ ಒಂದು ಸಾಲಿದೆ: ಯಾವುದು ಮೊದಲೋ ಅದು. ಬಾಡಿಗೆಗೆ ಓಡುವ ಟ್ಯಾಕ್ಸಿಗೆ ಕಿ.ಮೀ. ಮೊದಲು ಮುಗಿಯುತ್ತದೆ. ಸಿಪಾಯಿಯ ಕಾರಿಗೆ ಮುಗಿಯುವುದು ಬರೀ ದಿನ. ಒಂದು ಲಕ್ಷ ಕಿ.ಮೀ.ಯ ಭರವಸೆಗೆ ಹಣ ಕಟ್ಟಿದವನು ಅದರಲ್ಲಿ ಹತ್ತರಲ್ಲೊಂದು ಪಾಲನ್ನೂ ಬಳಸದೆ ವಾರಂಟಿ ಕಳೆದುಕೊಳ್ಳುತ್ತಾನೆ.

ಶೆಡ್ಡಿನೊಳಗೆ ನಿಂತ ಕಾರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಯಚೂರು ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಆ ಕಾವಿನಲ್ಲಿ ತಿಂಗಳುಗಟ್ಟಲೆ ನಿಂತರೆ ಬ್ಯಾಟರಿ ಇಳಿದು ಚಾವಿ ತಿರುವಿದಾಗ ಟಕ್ ಟಕ್ ಎಂಬ ಸದ್ದಷ್ಟೇ ಬರುತ್ತದೆ. ಗಾಳಿ ಇಳಿದ ಟೈರು ನೆಲ ಕಚ್ಚಿದ ಕಡೆ ಚಪ್ಪಟೆಯಾಗಿರುತ್ತದೆ, ವೈಪರಿನ ರಬ್ಬರು ಗಾಜಿಗೆ ಅಂಟಿಕೊಂಡಿರುತ್ತದೆ. ಪಕ್ಕದ ಕೋಣೆಯಲ್ಲಿ ಭತ್ತದ ಚೀಲಗಳಿದ್ದರಂತೂ ಇಲಿಗಳು ಬಾನೆಟ್ಟಿನೊಳಗೆ ಗೂಡು ಮಾಡಿ ವೈರು ಕಡಿದು ಹಾಕುತ್ತವೆ. ಇಲಿ ಕಡಿದದ್ದು ವಾರಂಟಿಗೆ ಬರುವುದಿಲ್ಲ. ಬ್ಯಾಟರಿ, ಟೈರುಗಳ ಹೊಣೆ ಅವನ್ನು ತಯಾರಿಸಿದ ಕಂಪನಿಗಳದ್ದು. ಇಷ್ಟನ್ನು ಒಪ್ಪಬಹುದು. ಒಪ್ಪಲಾಗದ್ದು ಮುಂದಿದೆ.

ಗೇರ್ ಬಾಕ್ಸಿನ, ಸ್ಟೇರಿಂಗಿನ, ಎಸಿ ಕಂಪ್ರೆಸರಿನ ತಯಾರಿಕಾ ದೋಷ ನಿಂತ ಗಾಡಿಯಲ್ಲಿ ಕಾಣಿಸುವುದಿಲ್ಲ. ಅದು ಗೊತ್ತಾಗುವುದು ಓಡಿಸಿದಾಗ. ದಿನವೂ ಕಾರು ಓಡಿಸುವವನಿಗೆ ದೋಷ ಹಿಡಿಯಲು ಮೂರು ವರ್ಷ ಪೂರ್ತಿ ಸಿಕ್ಕರೆ, ಸಿಪಾಯಿಗೆ ಸಿಗುವುದು ಒಟ್ಟು ಕೂಡಿಸಿದರೆ 270 ದಿನ, ಅಂದರೆ ಒಂಬತ್ತು ತಿಂಗಳು. ನಾಲ್ಕನೇ ವರ್ಷದ ಸೂಟಿಯಲ್ಲಿ ಗಬ್ಬೂರು ದಾಟುವಷ್ಟರಲ್ಲಿ ಗೇರು ಕಿರುಗುಟ್ಟಿದರೆ, ರಾಯಚೂರಿನ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಸಿಗುವ ಉತ್ತರ ಇಷ್ಟೇ: "ವಾರಂಟಿ ಮುಗದದರಿ ಅಣ್ಣಾ."

ವಿದೇಶ ಸೇವೆಗೆ ಹೋದವರ ಮನೆಯಲ್ಲಿ ಈ ತಾಪತ್ರಯ ಇನ್ನೂ ಹೆಚ್ಚು. 1950ರ ದಶಕದಿಂದ ಈವರೆಗೆ 2.9 ಲಕ್ಷಕ್ಕೂ ಹೆಚ್ಚು ಭಾರತೀಯರು ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗಿ ಬಂದಿದ್ದಾರೆ. ದಕ್ಷಿಣ ಸುಡಾನ್, ಕಾಂಗೋ, ಲೆಬನಾನ್, ಗೋಲನ್ ಬೆಟ್ಟಗಳಲ್ಲಿ ನಮ್ಮ ಪಡೆಗಳು ದುಡಿದಿವೆ. ಅಮೆರಿಕದ ಸೈನಿಕ ಜರ್ಮನಿಗೆ ಹೆಂಡತಿ ಮಕ್ಕಳನ್ನೂ ಕಾರನ್ನೂ ಕರೆದೊಯ್ಯಬಹುದು. ನಮ್ಮ ಶಾಂತಿಪಾಲಕ ಒಬ್ಬನೇ ಹೋಗುತ್ತಾನೆ. ಸಂಸಾರ ಊರಲ್ಲೇ ಉಳಿಯುತ್ತದೆ, ಕಾರೂ ಊರಲ್ಲೇ.

ಆಗ ಕಾರಿನ ಜವಾಬ್ದಾರಿ ಮನೆಯಾಕೆಯ ಹೆಗಲಿಗೆ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು 50 ಕಿ.ಮೀ. ಆಸುಪಾಸು. ಆಕೆಗೆ ಕಾರು ಓಡಿಸಲು ಬರದಿದ್ದರೆ ಮೈದುನನನ್ನೋ ಬಾಡಿಗೆ ಡ್ರೈವರನ್ನೋ ಹುಡುಕಬೇಕು. ಅಲ್ಲಿ ಮುಟ್ಟಿದ ಮೇಲೆ ಇನ್ನೊಂದು ತೊಡಕು: ಕೆಲಸಕ್ಕೆ ಒಪ್ಪಿಗೆ ಕೇಳುವ ಒಟಿಪಿ ಹೋಗುವುದು ಗಂಡನ ಮೊಬೈಲಿಗೆ, ಆ ಮೊಬೈಲು ನೆಟ್‌ವರ್ಕ್ ಇಲ್ಲದ ಠಾಣೆಯಲ್ಲಿರುತ್ತದೆ. "ಅವರು ಬಂದ ಮ್ಯಾಲೆ ನೋಡೋಣ್ರಿ" ಎಂದು ಆಕೆ ಹಿಂತಿರುಗುತ್ತಾಳೆ. ಹೀಗೆ ತಪ್ಪಿದ ಒಂದು ಸರ್ವಿಸ್ಸೇ ಮುಂದೆ ವಾರಂಟಿ ನಿರಾಕರಿಸಲು ಕಾರಣವಾಗುತ್ತದೆ. ಸರ್ವಿಸ್ ಕೂಪನ್ನಿನಲ್ಲೂ ಕಿ.ಮೀ. ಪಕ್ಕದಲ್ಲಿ ತಿಂಗಳ ಲೆಕ್ಕ ಇದ್ದೇ ಇರುತ್ತದೆ. ಗಾಡಿ ಓಡದಿದ್ದರೂ ತಿಂಗಳು ತುಂಬಿತೆಂದರೆ ಸರ್ವಿಸ್ ಮಾಡಿಸಿರಬೇಕು.

ಕಾಲದ ಲೆಕ್ಕವನ್ನು ಸೈನಿಕನಿಗಾಗಿ ನಿಲ್ಲಿಸುವುದು ಹೊಸ ವಿಚಾರವಲ್ಲ. 1925ರಷ್ಟು ಹಿಂದೆಯೇ ಭಾರತೀಯ ಸೈನಿಕರ ದಾವೆ ಕಾಯ್ದೆ ಬಂತು. ಯುದ್ಧದ ಸ್ಥಿತಿಯಲ್ಲೋ ಸಮುದ್ರದಾಚೆಯೋ ಸೇವೆಯಲ್ಲಿರುವ ಸೈನಿಕನ ಮೇಲಿನ ದಾವೆಯನ್ನು ಆತನ ಗೈರುಹಾಜರಿಯಲ್ಲಿ ನಡೆಸಿಬಿಡದಂತೆ ಅದು ತಡೆಯಿತು. ಆತ ತಾನೇ ದಾವೆ ಹೂಡುವುದಿದ್ದರೆ, ಅಂಥ ಸೇವೆಯಲ್ಲಿ ಕಳೆದ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕೆಂದಿತು. ಹೊಲದ ತಕರಾರು, ಸಾಲದ ತಕರಾರುಗಳ ಕಾಲದ ಕಾಯ್ದೆ ಅದು. ಕಾರಿನ ವಾರಂಟಿ ಆಗ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಆದರೆ ಅದರೊಳಗಿನ ನ್ಯಾಯ ಸರಳವಾಗಿದೆ: ದೇಶದ ಕೆಲಸಕ್ಕೆ ಹೋದವನು ಹಾಜರಿಲ್ಲದ್ದಕ್ಕೆ ತನ್ನ ಹಕ್ಕು ಕಳೆದುಕೊಳ್ಳಬಾರದು.

ಕಂಪನಿಗಳಿಗೂ ಇದು ಆಗದ ಮಾತೇನಲ್ಲ. 2020ರ ಲಾಕ್‌ಡೌನಿನಲ್ಲಿ ಸರ್ವಿಸ್ ಸೆಂಟರುಗಳು ಬಾಗಿಲು ಹಾಕಿದ್ದವು, ಜನ ಮನೆ ಬಿಟ್ಟು ಹೊರಬರುವಂತಿರಲಿಲ್ಲ. ಆಗ ಮಾರುತಿ, ಹ್ಯುಂಡೈ, ಟಾಟಾ ಮೊದಲಾದ ಕಂಪನಿಗಳು ತಾವಾಗಿಯೇ ವಾರಂಟಿಯನ್ನೂ ಉಚಿತ ಸರ್ವಿಸ್ಸಿನ ಗಡುವನ್ನೂ ಮುಂದಕ್ಕೆ ಹಾಕಿದವು. ಕೋರ್ಟು ಹೇಳಬೇಕಾಗಲಿಲ್ಲ, ಹೊಸ ಕಾನೂನೂ ಬೇಕಾಗಲಿಲ್ಲ. ಗ್ರಾಹಕನ ತಪ್ಪಿಲ್ಲದೆ ಕಾರು ನಿಂತಿದೆ ಎಂದು ಅವು ಒಪ್ಪಿಕೊಂಡವು. ಸಿಯಾಚಿನ್‌ನಲ್ಲಿರುವ ಸಿಪಾಯಿಯ ಕಾರು ನಿಂತಿರುವುದೂ ಆತನ ತಪ್ಪಿನಿಂದಲ್ಲ. ಅಂದು ಇಡೀ ದೇಶಕ್ಕೆ ಮಾಡಿದ್ದನ್ನು ಇಂದು ಸೈನಿಕನೊಬ್ಬನಿಗೆ ಮಾಡಲಾಗದು ಎನ್ನಲು ಯಾವ ಕಾರಣವೂ ಕಾಣುವುದಿಲ್ಲ.

ಸೌಲಭ್ಯದ ದುರುಪಯೋಗ ಆದೀತೆಂದು ಕಂಪನಿಗಳು ಹೇಳಬಹುದು. ಗಂಡ ಕಾಂಗೋದಲ್ಲಿದ್ದಾಗ ಮನೆಯವರು ಕಾರು ಓಡಿಸಿದರೆ? ಓಡಿಸಲಿ. ಮೀಟರಿನಲ್ಲಿ ಅದು ಬಿದ್ದೇ ಬೀಳುತ್ತದೆ, ಕಿ.ಮೀ. ಮಿತಿಯನ್ನು ಸಡಿಲಿಸಿ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಕ್ಷೇತ್ರ ಸೇವೆಯ, ವಿದೇಶ ಸೇವೆಯ ತಿಂಗಳುಗಳಷ್ಟನ್ನು ಮಾತ್ರ ವಾರಂಟಿಗೆ ಕೂಡಿಸಿ ಎಂದು. ಅದಕ್ಕೆ ಯೂನಿಟ್ಟಿನ ಒಂದು ಪ್ರಮಾಣಪತ್ರ ಸಾಕು. ವಯಸ್ಸಾದಂತೆ ಸವೆಯುವ ರಬ್ಬರು, ಆಯಿಲ್ಲುಗಳನ್ನು ಹೊರಗಿಟ್ಟರೂ ತಕರಾರಿಲ್ಲ.

ಅದು ಆಗುವವರೆಗೆ ಈಗಿರುವ ಕಾನೂನೇ ಆಸರೆ, ಅದು ಅನೇಕರು ತಿಳಿದಿರುವುದಕ್ಕಿಂತ ಗಟ್ಟಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಖರೀದಿಸಿದವನಷ್ಟೇ ಗ್ರಾಹಕನಲ್ಲ, ಅವನ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಹಾಗಾಗಿ "ಮಾಲೀಕರೇ ಬರಬೇಕು" ಎಂದು ಸಿಪಾಯಿಯ ಹೆಂಡತಿಯನ್ನು ಬಾಗಿಲಿಂದ ಕಳಿಸುವಂತಿಲ್ಲ. ಕಾರು ಕೊಂಡದ್ದು ಪುಣೆಯಲ್ಲಿರಲಿ, ಪಠಾಣಕೋಟದಲ್ಲಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾನ್ವಿಯ ಹೆಣ್ಣುಮಗಳಿಗೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿನ ದೂರುಗಳು ಅಲ್ಲಿಗೇ ಬರುತ್ತವೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗಲು ಕೋರಬಹುದು. ದೂರಿಗೆ ಎರಡು ವರ್ಷದ ಕಾಲಮಿತಿ ಇದೆ. ಸಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರವೂ ಆಯೋಗಕ್ಕಿದೆ, ಗಡಿಯ ಸೇವೆಗಿಂತ ಸಕಾರಣ ಬೇಕೆ?

ಇನ್ನೊಂದು ಆದೇಶ ಪ್ರತಿ ಸಿಪಾಯಿಯ ಮನೆಗೂ ಗೊತ್ತಿರಬೇಕು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ದಂಡದ ಮೊತ್ತದ ಮೇಲೆ ಮೇಲ್ಮನವಿಗಳು ನಡೆದವು. ಅದೇ ಆದೇಶದಲ್ಲಿ ಆಯೋಗ ಹೇಳಿದ ಮಾತು ಇನ್ನೂ ಮುಖ್ಯ: ಹೊರಗಿನ ಮೆಕ್ಯಾನಿಕ್ ಗಾಡಿ ಮುಟ್ಟಿದ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕಬಾರದು, ಆತನ ಕೆಲಸದಿಂದ ಆದ ಹಾನಿಯ ಮಟ್ಟಿಗಷ್ಟೇ ನಿರಾಕರಿಸಬಹುದು. ಅಮೆರಿಕ ಇಂಥದೇ ರಕ್ಷಣೆಯನ್ನು 1975ರ ವಾರಂಟಿ ಕಾನೂನಿನಲ್ಲೇ ಕೊಟ್ಟಿತ್ತು. 180 ದಿನಕ್ಕೆ ಕಡಿಮೆಯಿಲ್ಲದ ಸೇವಾ ನಿಯೋಜನೆ ಬಂದ ಸೈನಿಕ ಗುತ್ತಿಗೆಗೆ ಪಡೆದ ಕಾರನ್ನು ದಂಡವಿಲ್ಲದೆ ಹಿಂತಿರುಗಿಸಲು 2003ರ ಕಾನೂನು ಅಲ್ಲಿ ಅವಕಾಶ ಮಾಡಿದೆ.

ಆಸೆಯ ಮಿತಿಯನ್ನೂ ಹೇಳಬೇಕು. ದೋಷ ಸಿಕ್ಕಿತೆಂದರೆ ಹೊಸ ಕಾರೇ ಸಿಗುತ್ತದೆ ಎಂದು ಹಲವರು ನಂಬುತ್ತಾರೆ. ಜಮ್ಮುವಿನ ಗ್ರಾಹಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಪರ ಹೇಳಿದ್ದು, ವಾರಂಟಿ ಎಂದರೆ ಕೆಟ್ಟ ಭಾಗದ ದುರಸ್ತಿ ಅಥವಾ ಬದಲಾವಣೆ, ಇಡೀ ಕಾರಿನ ಬದಲಾವಣೆ ಅಲ್ಲ ಎಂದು. ದೂರು ಬರೆಯುವಾಗ ಇದು ನೆನಪಿರಲಿ. ರೀಕಾಲ್ ಸಂಗತಿ ಬೇರೆ. ಕಂಪನಿಯೇ ದೋಷ ಒಪ್ಪಿ ಗಾಡಿಗಳನ್ನು ಹಿಂದಕ್ಕೆ ಕರೆದಾಗ ದುರಸ್ತಿ ಉಚಿತ. 2021ರ ಏಪ್ರಿಲ್‌ನಿಂದ ಸರ್ಕಾರವೇ ರೀಕಾಲಿಗೆ ಆದೇಶಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿದೆ. ಆದರೆ ಆ ಸೂಚನೆ ಹಳೆಯ ವಿಳಾಸಕ್ಕೋ ಸಿಕ್ಕದ ಮೊಬೈಲಿಗೋ ಹೋಗಿ ಬಿದ್ದಿರುತ್ತದೆ. ಚಾಸಿ ನಂಬರು ಹಾಕಿ ಕಂಪನಿಯ ಜಾಲತಾಣದಲ್ಲಿ ವರ್ಷಕ್ಕೊಮ್ಮೆ ನೋಡಿಕೊಳ್ಳುವುದು ಲೇಸು.

ಮೇಲಿನದೆಲ್ಲ ಕೈಗೆ ಬರಬೇಕಾದರೆ ಕಾಗದ ಬೇಕು. ಕೌಂಟರಿನಲ್ಲಿ ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಗಾಡಿ ಒಳಗೆ ಬಿಟ್ಟ ದಿನವೇ ಜಾಬ್ ಕಾರ್ಡಿನಲ್ಲಿ ತಾರೀಖು, ಕಿ.ಮೀ., ದೋಷ ಮೂರನ್ನೂ ಬರೆಸಿ ಪ್ರತಿ ಇಟ್ಟುಕೊಳ್ಳಬೇಕು. ಸೇವೆಗೆ ಹೊರಡುವ ಮೊದಲೇ ಹೆಂಡತಿಯ ಮೊಬೈಲ್ ನಂಬರನ್ನು ಸರ್ವಿಸ್ ದಾಖಲೆಗೆ ಸೇರಿಸಬೇಕು, ಹೊರಡುತ್ತಿರುವ ವಿಚಾರವನ್ನು ಕಂಪನಿಗೆ ಇಮೇಲಿನಲ್ಲಿ ತಿಳಿಸಬೇಕು. ಹೆಚ್ಚುವರಿ ವಾರಂಟಿ ಕೊಳ್ಳುವುದಿದ್ದರೆ ಮೂಲ ವಾರಂಟಿ ಮುಗಿಯುವ ಮೊದಲೇ ಕೊಳ್ಳಬೇಕು. ವಕೀಲರ ಖರ್ಚಿನ ಹೆದರಿಕೆ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವಿದೆ. ಯೋಧರ ಕುಟುಂಬಗಳಿಗೆಂದೇ ರಾಷ್ಟ್ರೀಯ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ.

ಆದರೂ ಮನೆಮನೆಯೂ ಒಂದೊಂದು ದೂರು ಹಿಡಿದು ಆಯೋಗದ ಮೆಟ್ಟಿಲು ಹತ್ತಲಿ ಎನ್ನುವುದು ನ್ಯಾಯದ ದಾರಿಯಲ್ಲ. ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಸೈನಿಕರು ಕಾರು ಕೊಳ್ಳುವ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ 1948ರ ಜನವರಿ 1ರಂದು ಹುಟ್ಟಿದ, ರಕ್ಷಣಾ ಸಚಿವಾಲಯದ ಕೈಕೆಳಗಿನ ಸಂಸ್ಥೆ. ಯಾವ ಕಂಪನಿಯ ಯಾವ ಕಾರು ಕ್ಯಾಂಟೀನಿನ ಪಟ್ಟಿಗೆ ಬರಬೇಕು, ಯಾವ ಬೆಲೆಗೆ ಬರಬೇಕು ಎಂದು ತೀರ್ಮಾನಿಸುವುದು ಅದೇ. ಸಿಪಾಯಿಗೆ ಬೆಲೆ ಇಳಿಸಿಕೊಡಲು ಚೌಕಾಸಿ ಮಾಡುವ ಸಂಸ್ಥೆ ಅದೇ ಮೇಜಿನ ಮೇಲೆ ವಾರಂಟಿಯ ಮಾತನ್ನೂ ಎತ್ತಬಹುದು. ಕ್ಷೇತ್ರ ಸೇವೆ, ವಿದೇಶ ಸೇವೆಯ ಅವಧಿಯನ್ನು ವಾರಂಟಿಯ ಲೆಕ್ಕದಿಂದ ಬಿಡತಕ್ಕದ್ದು ಎಂಬ ಒಂದು ಸಾಲು ಕರಾರಿನಲ್ಲಿ ಬಂದರೆ ಸಾಕು.

ರಾಯಚೂರು ಜಿಲ್ಲೆಯ ಮಾಜಿ ಸೈನಿಕರು ಈ ಒಂದು ಸಾಲಿನ ಬೇಡಿಕೆಯನ್ನು ಬರೆದು ಸಹಿ ಮಾಡಿ ರಕ್ಷಣಾ ಸಚಿವಾಲಯಕ್ಕೆ ಕಳಿಸಲಿ, ಸಂಸದರು ಅದನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ಕೇಳಲಿ. ಮನೆಯಲ್ಲಿ ಕಾರು ನಿಂತಿದ್ದರೆ ಇವತ್ತೇ ವಾರಂಟಿ ಪುಸ್ತಿಕೆ ತೆಗೆದು ಮುಗಿಯುವ ತಾರೀಖು ನೋಡಿಕೊಳ್ಳಿ. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿಯ ನಂಬರು 1915.